ಪೈಥಾನ್ ಹಾಕಿದ್ದರೂ ಸಿಗ್ತಿಲ್ಲವೇ? ‘ಪಾತ್’ ಸರಿಮಾಡಿ

ಪೈಥಾನ್ ಇನ್‌ಸ್ಟಾಲ್ ಮಾಡಿದ್ದೀರಿ. ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಟೈಪಿಸುವ ವಿಂಡೋಸ್‌ನ ಕಪ್ಪು ಕಿಟಕಿ) ತೆರೆದು ‘ಪೈಥಾನ್’ ಅಂತ ಟೈಪಿಸಿ ಎಂಟರ್ ಒತ್ತಿದರೆ, ಅಂಥದ್ದೊಂದು ಪ್ರೋಗ್ರಾಮ್ ಗೊತ್ತೇ ಇಲ್ಲ ಅನ್ನುತ್ತದೆ ವಿಂಡೋಸ್. ಕೋಡಿಂಗ್ ಕಲಿಯಲು ಹೊರಟ ಎಷ್ಟೋ ಮಕ್ಕಳು ಮೊದಲ ದಿನವೇ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ತೆಗೆದು ಮತ್ತೆ ಹಾಕುತ್ತಾರೆ, ಲ್ಯಾಪ್‌ಟಾಪೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಎರಡೂ ಬೇಡ. ಬಹಳಷ್ಟು ಸಲ ಪ್ರೋಗ್ರಾಮ್ ಡಿಸ್ಕ್‌ನಲ್ಲೇ ಇರುತ್ತದೆ. ವಿಂಡೋಸ್ ಹುಡುಕಿದ ಜಾಗದಲ್ಲಿ ಇರುವುದಿಲ್ಲ, ಅಷ್ಟೇ.

ನೀವು ಹೆಸರು ಕೊಟ್ಟಾಗ ಕಂಪ್ಯೂಟರ್ ಇಡೀ ಡಿಸ್ಕ್ ಜಾಲಾಡುವುದಿಲ್ಲ. ಹಾಗೆ ಮಾಡಿದರೆ ಒಂದೊಂದು ಕಮಾಂಡ್‌ಗೂ ಕಾಯುತ್ತಾ ಕೂರಬೇಕಾಗುತ್ತದೆ. ಅದರ ಬಳಿ ‘ಪಾತ್’ ಅನ್ನುವ ಒಂದು ಪಟ್ಟಿ ಇರುತ್ತದೆ. ಅದರಲ್ಲಿರುವುದು ಬರೀ ಫೋಲ್ಡರ್‌ಗಳ ವಿಳಾಸ. ಕಮಾಂಡ್ ಪ್ರಾಂಪ್ಟ್ ಮೊದಲು ಇದು ತನ್ನದೇ ಕಮಾಂಡಾ ಅಂತ ನೋಡುತ್ತದೆ. ಅಲ್ಲದಿದ್ದರೆ ನೀವು ಈಗ ಇರುವ ಫೋಲ್ಡರ್‌ನಲ್ಲಿ, ಆಮೇಲೆ ಪಾತ್ ಪಟ್ಟಿಯಲ್ಲಿ ಮೇಲಿನಿಂದ ಕೆಳಕ್ಕೆ ಹುಡುಕುತ್ತದೆ. ಮೊದಲು ಯಾವುದು ಸಿಕ್ಕಿತೋ ಅದನ್ನೇ ಓಡಿಸುತ್ತದೆ. ಮುಂದಕ್ಕೆ ನೋಡುವುದೇ ಇಲ್ಲ. ಫೈಲ್ ಹೆಸರಿನ ಕೊನೆಯ ‘ಡಾಟ್ ಇಎಕ್ಸ್‌ಇ’ಯನ್ನು ನೀವು ಬರೆದಿರುವುದಿಲ್ಲ, ಅಲ್ವಾ? ಅದಕ್ಕೂ ‘ಪಾತ್‌ಎಕ್ಸ್ಟ್’ ಅಂತ ಬೇರೆ ಪಟ್ಟಿ ಇದೆ. ಕಾಮ್, ಇಎಕ್ಸ್‌ಇ, ಬ್ಯಾಟ್, ಸಿಎಂಡಿ ಅಂತ ಒಂದೊಂದನ್ನೇ ಸೇರಿಸಿ ನೋಡುತ್ತದೆ.

ಇದು ಇವತ್ತಿನ ಏರ್ಪಾಡಲ್ಲ. ಯುನಿಕ್ಸ್ ಅನ್ನುವ ಹಳೇ ಆಪರೇಟಿಂಗ್ ಸಿಸ್ಟಮ್‌ನ 1979ರ ಏಳನೇ ಆವೃತ್ತಿಯ ಶೆಲ್‌ನಲ್ಲೇ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್) ಪಾತ್ ಇತ್ತು. ಇವತ್ತಿಗೂ ಅದೇ ಲೆಕ್ಕ.

ಮೊದಲು ಏನು ಸಿಗುತ್ತಿದೆ ನೋಡಿ

ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ವೇರ್’ ಅಂತ ಬರೆದು, ಜಾಗ ಬಿಟ್ಟು ‘ಪೈಥಾನ್’ ಅಂತ ಟೈಪಿಸಿ (ಇಂಗ್ಲಿಷ್ ಅಕ್ಷರದಲ್ಲೇ: where python). ವಿಂಡೋಸ್‌ನ ಇನ್ನೊಂದು ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನಲ್ಲಿದ್ದರೆ ‘ವೇರ್ ಡಾಟ್ ಇಎಕ್ಸ್‌ಇ’ ಅಂತ ಪೂರ್ತಿ ಬರೆಯಬೇಕು, ಅಲ್ಲಿ ಬರೀ ‘ವೇರ್’ ಬೇರೆಯದೇ ಕೆಲಸ ಮಾಡುತ್ತದೆ. ಏನೂ ಸಿಗಲಿಲ್ಲ ಅಂದರೆ ಪಾತ್‌ನಲ್ಲಿ ಪೈಥಾನ್ ಇಲ್ಲ. ಒಂದಕ್ಕಿಂತ ಜಾಸ್ತಿ ಸಾಲು ಬಂದರೆ ಮೇಲಿನದೇ ಓಡುವುದು.

‘ವಿಂಡೋಸ್‌ಆ್ಯಪ್ಸ್’ ಅನ್ನುವ ಫೋಲ್ಡರ್ ಇರುವ ಸಾಲು ಕಂಡರೆ ಹುಷಾರು. 2019ರ ವಿಂಡೋಸ್ 10 ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ಅಲ್ಲಿ ‘ಪೈಥಾನ್’ ಹೆಸರಿನ ಪುಟ್ಟ ಫೈಲ್ ಇಟ್ಟಿದೆ. ಅದು ಪೈಥಾನ್ ಅಲ್ಲ, ಮೈಕ್ರೋಸಾಫ್ಟ್ ಸ್ಟೋರ್ ತೆರೆಯುವ ಬಾಗಿಲು. ಪೈಥಾನ್ ಅಂತ ಕೊಟ್ಟರೆ ಸ್ಟೋರ್ ಯಾಕೆ ಬರುತ್ತದೆ ಅನ್ನುವವರಿಗೆ ಇದೇ ಉತ್ತರ. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಎಕ್ಸಿಕ್ಯೂಷನ್ ಏಲಿಯಾಸಸ್’ ಹುಡುಕಿ, ಪೈಥಾನ್ ಹೆಸರಿನ ಸ್ವಿಚ್‌ಗಳನ್ನು ಆಫ್ ಮಾಡಬಹುದು. ಸ್ಟೋರ್‌ನಿಂದಲೇ ಪೈಥಾನ್ ಹಾಕಿಕೊಂಡಿದ್ದರೆ ಮಾತ್ರ ಅದನ್ನು ಮುಟ್ಟಬೇಡಿ.

ಫೋಲ್ಡರ್ ಹುಡುಕಿ, ಪಟ್ಟಿಗೆ ಸೇರಿಸಿ

ಸ್ಟಾರ್ಟ್ ಮೆನುವಿನಲ್ಲಿ ಪೈಥಾನ್ ಹುಡುಕಿ, ರೈಟ್ ಕ್ಲಿಕ್ ಮಾಡಿ, ‘ಓಪನ್ ಫೈಲ್ ಲೊಕೇಶನ್’ ಒತ್ತಿ. ಅಲ್ಲಿ ಕಾಣುವುದು ಬರೀ ಶಾರ್ಟ್‌ಕಟ್. ಅದರ ಮೇಲೂ ಇನ್ನೊಮ್ಮೆ ಹಾಗೇ ಮಾಡಿದರೆ ನಿಜವಾದ ಫೋಲ್ಡರ್ ತೆರೆಯುತ್ತದೆ. ಆ ಕಿಟಕಿಯ ಮೇಲ್ಗಡೆ ಅಡ್ರೆಸ್ ಬಾರ್‌ನಲ್ಲಿರುವ ವಿಳಾಸ ಕಾಪಿ ಮಾಡಿಕೊಳ್ಳಿ. ಅದರೊಳಗೇ ‘ಸ್ಕ್ರಿಪ್ಟ್ಸ್’ ಅನ್ನುವ ಫೋಲ್ಡರ್ ಇದೆ. ಪೈಥಾನ್‌ಗೆ ಹೆಚ್ಚುವರಿ ಪ್ಯಾಕೇಜ್ ಹಾಕಿಕೊಡುವ ‘ಪಿಪ್’ ಇರುವುದು ಅಲ್ಲಿ, ಆದ್ದರಿಂದ ಅದರ ವಿಳಾಸವೂ ಬೇಕು.

ಈಗ ಸ್ಟಾರ್ಟ್‌ನಲ್ಲಿ ‘ಎನ್ವಿರಾನ್‌ಮೆಂಟ್’ ಅಂತ ಹುಡುಕಿ. ನಿಮ್ಮ ಅಕೌಂಟ್‌ಗೆ ಮಾತ್ರ ಅನ್ನುವ ಆಯ್ಕೆಯನ್ನೇ ತೆಗೆದುಕೊಳ್ಳಿ. ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕಿಲ್ಲ, ಎಡವಟ್ಟಾದರೂ ಬೇರೆಯವರಿಗೆ ತೊಂದರೆಯಿಲ್ಲ. ‘ಪಾತ್’ ಆರಿಸಿ, ‘ಎಡಿಟ್’, ಆಮೇಲೆ ‘ನ್ಯೂ’ ಒತ್ತಿ ಎರಡೂ ವಿಳಾಸ ಅಂಟಿಸಿ. ‘ಮೂವ್ ಅಪ್’ ಒತ್ತಿ ಅವನ್ನು ವಿಂಡೋಸ್‌ಆ್ಯಪ್ಸ್‌ಗಿಂತ ಮೇಲಕ್ಕೆ ತನ್ನಿ. ತೆರೆದ ಎಲ್ಲ ಕಿಟಕಿಗಳಲ್ಲೂ ‘ಓಕೆ’ ಕೊಡಿ. ಒಂದರಲ್ಲಿ ಮರೆತರೂ ಸೇವ್ ಆಗುವುದಿಲ್ಲ.

ಇಷ್ಟೆಲ್ಲ ಯಾಕೆ, ‘ಸೆಟ್‌ಎಕ್ಸ್’ ಕಮಾಂಡ್ ಒಂದೇ ಸಾಕು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದು 1024 ಅಕ್ಷರಕ್ಕೆ ಕತ್ತರಿಸಿಬಿಡುತ್ತದೆ. ಉದ್ದದ ಪಾತ್ ಇದ್ದವರ ಅರ್ಧ ಪಟ್ಟಿ ಹಾಗೇ ಹೋಗುತ್ತದೆ, ವಾಪಸ್ ತರುವುದು ಕಷ್ಟ.

ಹಳೇ ಕಿಟಕಿ ಮುಚ್ಚಿ

ಇಷ್ಟಾದ ಮೇಲೂ ಅದೇ ಎರರ್ ಬರುತ್ತಿದೆಯೇ? ಹೆದರಬೇಡಿ. ಪ್ರತಿ ಪ್ರೋಗ್ರಾಮ್ ಶುರುವಾಗುವಾಗ ಪಾತ್‌ನ ಒಂದು ನಕಲು ತೆಗೆದುಕೊಂಡಿರುತ್ತದೆ. ಮೊದಲೇ ತೆರೆದಿದ್ದ ಕಮಾಂಡ್ ಪ್ರಾಂಪ್ಟ್ ಬಳಿ ಇರುವುದು ಹಳೇ ನಕಲು. ಮುಚ್ಚಿ ಹೊಸದು ತೆರೆಯಿರಿ. ಕೋಡ್ ಬರೆಯುವ ವಿಎಸ್ ಕೋಡ್ ಪ್ರೋಗ್ರಾಮ್‌ನ ಒಳಗಿನ ಟರ್ಮಿನಲ್ (ಕಮಾಂಡ್ ಕಿಟಕಿ) ಆದರೆ ವಿಎಸ್ ಕೋಡನ್ನೇ ಪೂರ್ತಿ ಮುಚ್ಚಬೇಕು, ಯಾಕೆಂದರೆ ಟರ್ಮಿನಲ್‌ಗೆ ನಕಲು ಕೊಡುವುದು ಅದೇ.

ಇನ್ನೊಂದು ತೊಡಕಿದೆ. ಕಾಲೇಜ್ ಲ್ಯಾಬ್‌ಗಳಲ್ಲಿ ಕೆಲವು ಸಲ ಎಲ್ಲರಿಗೂ ಅಂತ ಹಳೇ ಪೈಥಾನ್ ಹಾಕಿರುತ್ತಾರೆ. ವಿಂಡೋಸ್ ಸಿಸ್ಟಮ್ ಪಟ್ಟಿಯನ್ನು ಮುಂದಿಟ್ಟು, ನಿಮ್ಮ ಪಟ್ಟಿಯನ್ನು ಅದರ ಹಿಂದೆ ಜೋಡಿಸುತ್ತದೆ. ಹಾಗಾಗಿ ನಿಮ್ಮದನ್ನು ಎಷ್ಟು ಮೇಲಕ್ಕೆ ತಂದರೂ ಹಳೆಯದೇ ಓಡುತ್ತದೆ. ಆಗ ಲ್ಯಾಬ್‌ನವರ ಹತ್ತಿರ ಹೇಳಲೇಬೇಕು, ಇಲ್ಲವೇ ಪ್ರತಿಸಲ ಪೂರ್ತಿ ವಿಳಾಸ ಕೊಟ್ಟು ಓಡಿಸಬೇಕು.

ಒಂದು ಕಡೆ ಓಡುವ ಹೆಸರು ಇನ್ನೊಂದು ಕಡೆ ಓಡದಿರುವುದೂ ಉಂಟು. ವಿಂಡೋಸ್ ಕೀ ಜೊತೆ ‘ಆರ್’ ಒತ್ತಿದರೆ ಬರುವ ರನ್ ಡಬ್ಬಿಯಲ್ಲಿ ‘ವಿನ್‌ವರ್ಡ್’ ಅಂದರೆ ವರ್ಡ್ ತೆರೆಯುತ್ತದೆ. ಅದನ್ನೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕೊಟ್ಟರೆ ಸಾಮಾನ್ಯವಾಗಿ ಇಲ್ಲ ಅನ್ನುತ್ತದೆ. ರನ್ ಡಬ್ಬಿ ಪಾತ್ ಜೊತೆಗೆ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ‘ಆ್ಯಪ್ ಪಾತ್ಸ್’ ಪಟ್ಟಿಯನ್ನೂ ನೋಡುತ್ತದೆ, ಅದಕ್ಕೆ.

ಲಿನಕ್ಸ್ ಬಳಸುವವರಿಗೆ

ಅಲ್ಲೂ ಪಾತ್ ಇದೆ, ಆದರೆ ನೀವಿರುವ ಫೋಲ್ಡರ್ ಅದರಲ್ಲಿ ಇರುವುದಿಲ್ಲ. ಇದು ಬೇಕಂತಲೇ ಮಾಡಿದ್ದು. ಇಲ್ಲದಿದ್ದರೆ ಯಾರೋ ಹಂಚಿಕೊಂಡ ಫೋಲ್ಡರ್‌ನಲ್ಲಿ ‘ಎಲ್‌ಎಸ್’ (ಫೈಲ್‌ಗಳ ಪಟ್ಟಿ ತೋರಿಸುವ ಕಮಾಂಡ್) ಹೆಸರಿನ ಕೆಟ್ಟ ಫೈಲ್ ಇಟ್ಟು ನಿಮ್ಮಿಂದಲೇ ಓಡಿಸಬಹುದು. ನಿಮ್ಮದೇ ಸ್ಕ್ರಿಪ್ಟ್ ಆದರೆ ಹೆಸರಿನ ಮುಂದೆ ಚುಕ್ಕಿ ಮತ್ತು ಓರೆಗೆರೆ (./) ಹಾಕಿ. ‘ಕಮಾಂಡ್ ನಾಟ್ ಫೌಂಡ್’ ಅಂದರೆ ಸಿಗಲಿಲ್ಲ ಅಂತ. ‘ಪರ್ಮಿಷನ್ ಡಿನೈಡ್’ ಅಂದರೆ ಸಾಮಾನ್ಯವಾಗಿ ಸಿಕ್ಕಿದೆ, ಓಡಿಸುವ ಅನುಮತಿ ಇಲ್ಲ ಅಂತ. ‘ಸಿಎಚ್‌ಮಾಡ್’ (chmod) ಕಮಾಂಡ್‌ನಿಂದ ಅನುಮತಿ ಕೊಡಿ. ಒಮ್ಮೆ ಸಿಕ್ಕ ವಿಳಾಸವನ್ನು ಲಿನಕ್ಸ್‌ನ ‘ಬ್ಯಾಶ್’ ಶೆಲ್ ನೆನಪಿಟ್ಟುಕೊಳ್ಳುತ್ತದೆ. ಪ್ರೋಗ್ರಾಮ್ ಬೇರೆ ಫೋಲ್ಡರ್‌ಗೆ ಹೋದ ಮೇಲೂ ಹಳೇ ವಿಳಾಸಕ್ಕೇ ಹೋಗಿ ಎರರ್ ಕೊಟ್ಟರೆ ‘ಹ್ಯಾಶ್ ಮೈನಸ್ ಆರ್’ (hash -r) ಕೊಡಿ, ಮತ್ತೆ ಹೊಸದಾಗಿ ಹುಡುಕುತ್ತದೆ.