ಒಡೆಸ್ಸಾ ಅಂತ ಕೊರೆದ ತಗಡು

ಮಂಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಬೀಜ ಸುಲಿದು ಗ್ರೇಡು ಮಾಡುವ ಕಾರ್ಖಾನೆಯಲ್ಲಿ, ರಫ್ತಿನ ಕಾಗದಪತ್ರ ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿದ್ದು 1986ರಲ್ಲಿ. ಸ್ವಂತಕ್ಕೆ ಅಂತ ಒಂದು ನೋಟ್‌ಬುಕ್ ಇಟ್ಟಿದ್ದೆ. ಹಡಗು, ಬಂದರು, ಗ್ರೇಡು, ಚೀಲ ಎಷ್ಟು, ಇಷ್ಟನ್ನು ದಿನಾ ಬರೆದುಕೊಳ್ಳುತ್ತಿದ್ದೆ. ಯಾಕೆ ಅಂದರೆ ಸುಮ್ನೆ. ಊರು ಬಿಟ್ಟು ಹೋಗದವನಿಗೆ ಬಂದರುಗಳ ಹೆಸರು ಬರೆಯುವುದೇ ಒಂದು ಖುಷಿ.

ಒಂದು ದಿನ ನಮ್ಮ ಹೆಡ್ ಕ್ಲರ್ಕ್ ಅದನ್ನು ತಿರುವಿ ನೋಡಿದರು. "ಎಲ್ಲ ಸರಿ ಉಂಟು ಮಾರಾಯ, ದುಡ್ಡು ಯಾವುದು ಅಂತ ಎಲ್ಲಿ ಬರ್ದಿದ್ದಿ?" ಅಂದರು. ಅವತ್ತೇ ಕೆಂಪು ಪೆನ್ಸಿಲ್‌ನಲ್ಲಿ ಇನ್ನೊಂದು ಗೆರೆ ಎಳೆದು ದುಡ್ಡಿನ ಕಾಲಂ ಶುರು ಮಾಡಿದೆ.

ಆಗ ಪೂಲ್ ಪದ್ಧತಿ. ಬೆಳೆದ ಕಾಫಿಯೆಲ್ಲ ಕಾಫಿ ಬೋರ್ಡ್‌ಗೇ ಹೋಗಬೇಕು. ಗೋಣಿಚೀಲಕ್ಕೆ ಮಾರ್ಕ್ ಹಾಕಲು ತಗಡಿನಲ್ಲಿ ಅಕ್ಷರ ಕೊರೆದಿರುತ್ತಿದ್ದರು. ಅದನ್ನು ಚೀಲದ ಮೇಲಿಟ್ಟು ಕಪ್ಪು ಶಾಯಿಯ ಬ್ರಷ್ ಎಳೆದರೆ ಊರಿನ ಹೆಸರು ಮೂಡುತ್ತಿತ್ತು. ಸೋವಿಯತ್ ಒಕ್ಕೂಟದ ಬಂದರು ಒಡೆಸ್ಸಾ. ಆ ಹೆಸರು ಕೊರೆದ ತಗಡಿಗೆ ಬಿಡುವೇ ಇರಲಿಲ್ಲ. ಶಾಯಿ ಕಟ್ಟಿ ಕಟ್ಟಿ ಮೊದಲ ಅಕ್ಷರದ ಹೊಟ್ಟೆಯೇ ಮುಚ್ಚಿಹೋಗಿತ್ತು.

ಜರ್ಮನಿಯ ಹ್ಯಾಂಬರ್ಗ್, ಇಟಲಿಯ ಟ್ರಿಯೆಸ್ಟ್ ಸಾಲಿನ ಕೊನೆಗೆ ಡಾಲರ್. ಒಡೆಸ್ಸಾ ಸಾಲಿನ ಕೊನೆಗೆ ರೂಪಾಯಿ. ನಮ್ಮ ದೇಶಕ್ಕೆ ಆಗ ಡಾಲರಿನ ಬರ. ಸೋವಿಯತ್ ಒಕ್ಕೂಟದಿಂದ ಎಣ್ಣೆ, ಯಂತ್ರ, ಶಸ್ತ್ರಾಸ್ತ್ರ ಬರುತ್ತಿತ್ತು. ಲೆಕ್ಕ ರೂಪಾಯಿಯಲ್ಲಿ. ಆ ರೂಪಾಯಿಯಲ್ಲಿ ಅವರು ಇಲ್ಲಿ ಚಹಾ, ಕಾಫಿ, ಚರ್ಮ, ಬಟ್ಟೆ ಕೊಳ್ಳುತ್ತಿದ್ದರು. ಯಾವ ವರ್ಷ ಏನೇನು ಅಂತ ಎರಡೂ ಸರ್ಕಾರಗಳು ಕೂತು ಪಟ್ಟಿ ಮಾಡುತ್ತಿದ್ದವು. 1971ರ ಸ್ನೇಹ ಒಪ್ಪಂದದ ಬಗ್ಗೆ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದರ ವಾಸನೆ ಸಿಕ್ಕಿದ್ದು ಗೋದಾಮಿನಲ್ಲಿ.

ಹೆಡ್ ಕ್ಲರ್ಕ್‌ಗೆ ಯಾರ ದುಡ್ಡು ಅಂತ ಕೇಳುವ ಈ ಬುದ್ಧಿ ಬಂದಿದ್ದು ಕಾಫಿಯಿಂದಲ್ಲ, ಕುದುರೆಮುಖದಿಂದ. ಅಲ್ಲಿನ ಕಬ್ಬಿಣದ ಅದಿರಿಗೆ 63 ಕೋಟಿ ಡಾಲರ್ ಸಾಲ ಕೊಡುತ್ತೇನೆ, ಮಾಲೂ ನಾನೇ ಕೊಳ್ಳುತ್ತೇನೆ ಅಂತ ಇರಾನಿನ ಶಾ ಸರ್ಕಾರ ಮಾತು ಕೊಟ್ಟಿತ್ತು. 1976ರಲ್ಲಿ ಕಂಪನಿ ಹುಟ್ಟಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಯಿತು. ಗುಡ್ಡದಿಂದ ಪಣಂಬೂರಿಗೆ ಕೊಳವೆ ಹಾಕಿ, ಪ್ಲಾಂಟ್ ಮುಗಿಸಿ ನೋಡಿದರೆ ಕೊಳ್ಳುವವನೇ ಇಲ್ಲ! "ಒಬ್ಬನೇ ಗಿರಾಕಿ ಆದ್ರೆ ಅವನ ಮನೆ ಜಗಳವೂ ನಮ್ದೇ" ಅನ್ನುತ್ತಿದ್ದರು.

ನಮ್ಮ ಸರದಿ 1991ಕ್ಕೆ ಬಂತು. 1990-91ರಲ್ಲೂ ದೇಶದ ಒಟ್ಟು ರಫ್ತಿನಲ್ಲಿ ಸುಮಾರು ಶೇ. 16 ಸೋವಿಯತ್ ಕಡೆಗೇ ಹೋಗಿತ್ತು. ಆ ಡಿಸೆಂಬರ್‌ನಲ್ಲಿ ಆ ದೇಶವೇ ಇಲ್ಲವಾಯಿತು. ಎರಡು ವರ್ಷದೊಳಗೆ ರಷ್ಯಾದ ಪಾಲು ಶೇ. 4ಕ್ಕಿಂತ ಕೆಳಗೆ ಬಂತು. ಒಡೆಸ್ಸಾ ಮಾರ್ಕ್ ಹಾಕಿಟ್ಟಿದ್ದ ಒಂದು ಲಾಟು ರೋಬಸ್ಟಾ ಚೆರಿ (ಹಣ್ಣನ್ನು ಹಾಗೇ ಒಣಗಿಸಿ ಸುಲಿದ ರೋಬಸ್ಟಾ ತಳಿಯ ಬೀಜ) ಗೋದಾಮಿನಲ್ಲೇ ಉಳಿಯಿತು. ಕೊಳ್ಳುವವರಿಂದ ದುಡ್ಡಿನ ಸುದ್ದಿಯೇ ಇಲ್ಲ. ಮಳೆಗಾಲದ ಗಾಳಿಗೆ ಬೀಜ ಉಬ್ಬಿ ಬೆಳ್ಳಗಾಯಿತು. ಬೇಕೆಂದೇ ಮಳೆಗಾಲದ ಗಾಳಿಗೆ ಒಡ್ಡಿ ಮಾಡುವ ಮಾನ್ಸೂನ್ಡ್ ಕಾಫಿ ಅಂತ ಇದನ್ನು ಮಾರೋಣ ಅಂತ ಹುಡುಗರು ತಮಾಷೆ ಮಾಡಿದರು. ಅದಕ್ಕೆ ಹರಡಿ, ಚೀಲ ಬದಲಿಸಿ, ವಾರಗಟ್ಟಲೆ ಕಾಯಬೇಕು. ಇದು ಬರೀ ಹಾಳಾದ ಮಾಲು. ಕೊನೆಗೆ ಸಿಕ್ಕಿದ ರೇಟಿಗೆ ಕೊಟ್ಟೆವು. ಒಡೆಸ್ಸಾ ಮುಂದೆ ನಾನು ಬರೆದಿದ್ದ ದೇಶದ ಹೆಸರನ್ನೂ ಹೊಡೆದುಹಾಕಿ ಉಕ್ರೇನ್ ಅಂತ ತಿದ್ದಬೇಕಾಯಿತು.

1996ಕ್ಕೆ ಪೂಲ್ ಕೂಡ ಹೋಯಿತು. ಆಮೇಲಿನ ಪುಟಗಳಲ್ಲೆಲ್ಲ ಡಾಲರ್ರೇ.

ನೋಟ್‌ಬುಕ್ ಓದುವಾಗ ನಾನೂ ಎಡವಿದ್ದೇನೆ. ಇಟಲಿಯ ಸಾಲು ಬೆಳೆದದ್ದು ನೋಡಿ, ನಾವು ಪಶ್ಚಿಮದ ಕಡೆ ವಾಲಿದೆವು ಅಂತ ಬಹಳ ದಿನ ನಂಬಿದ್ದೆ. ಹಾಗಲ್ಲ. ನಮ್ಮ ರೋಬಸ್ಟಾ ಹಾಕಿದರೆ ಅವರ ಎಸ್ಪ್ರೆಸೊ ಮೇಲೆ ನೊರೆ ದಪ್ಪ ನಿಲ್ಲುತ್ತೆ, ಅದಕ್ಕೇ ಕೊಳ್ಳುತ್ತಾರೆ. ದೆಹಲಿಯಲ್ಲಿ ಯಾರು ಕೂತಿದ್ದರೂ ಅವರಿಗೆ ಅಷ್ಟೇ. ಬಂದರು ನೋಡಿ ದೇಶ ಹೇಳುವುದೂ ತಪ್ಪು. ಆಂಟ್‌ವರ್ಪ್‌ಗೆ ಹೋದದ್ದೆಲ್ಲ ಬೆಲ್ಜಿಯಂನವರು ಕುಡಿಯುವುದಿಲ್ಲ, ಅದು ದೊಡ್ಡ ಗೋದಾಮು. ಈಗ ಸರ್ಕಾರದ ಅಂಕಿಅಂಶ ಕಂಪ್ಯೂಟರಿನಲ್ಲೇ ಸಿಗುತ್ತೆ, ಆದರೆ ಅಲ್ಲೂ ಒಂದು ಗುಂಡಿ ಇದೆ. ಸುಂಕದ ಪಟ್ಟಿಯಲ್ಲಿ ಬೀಜದ ಕಾಫಿ 0901 ನಂಬರಿನಲ್ಲಿ, ಇನ್‌ಸ್ಟಂಟ್ 2101ರಲ್ಲಿ. ಮೊದಲನೆಯದಷ್ಟೇ ನೋಡಿದರೆ ಇನ್‌ಸ್ಟಂಟ್ ಕುಡಿಯುವ ರಷ್ಯಾ ಅರ್ಧ ಮಾಯ.

ಹಾಗಾಗಿ ಈಗಲೂ ನನ್ನ ಕಣ್ಣು ಮೊದಲು ಹೋಗುವುದು ಕೊನೆಯ ಕಾಲಂಗೇ. ರುಚಿಗೆ ಕೊಳ್ಳುವವರು ಹೇಗೂ ಡಾಲರ್ ಕೊಡುತ್ತಾರೆ. ಅಲ್ಲಿ ಬೇರೆ ದುಡ್ಡು ಬಂತು ಅಂದರೆ ಎರಡು ಸರ್ಕಾರ ಮಾತಾಡಿಕೊಂಡಿವೆ ಅಂತಲೇ ಲೆಕ್ಕ, ಅಲ್ವಾ?

ಉಕ್ರೇನ್ ಯುದ್ಧ ಶುರುವಾದ ಮೇಲೆ, 11 ಜುಲೈ 2022ರಂದು, ಹೊರದೇಶದ ವ್ಯಾಪಾರದ ಲೆಕ್ಕ ರೂಪಾಯಿಯಲ್ಲೂ ಮಾಡಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ಮುಂದಿನ ವರ್ಷ ರಷ್ಯಾಗೆ ಹೋದ ಒಂದು ಕಂಟೈನರ್ ಮುಂದೆ, 30 ವರ್ಷದ ಮೇಲೆ, ಮತ್ತೆ "ರೂ." ಅಂತ ಬರೆದೆ. ಪಕ್ಕದಲ್ಲಿದ್ದ ಹೊಸ ಹುಡುಗಿ, "ಸಾರ್, ಡಾಲರ್ ಅಂತ ಆಗ್ಬೇಕಲ್ವಾ?" ಅಂತ ಕೇಳಿದಳು.

ಆದರೆ ಇದು ಹಳೇ ಲೆಕ್ಕವಲ್ಲ. ಆಗ ಅವರು ನಮ್ಮ ರೂಪಾಯಿಯನ್ನು ಇಲ್ಲೇ ಖರ್ಚು ಮಾಡುತ್ತಿದ್ದರು. 2023-24ರಲ್ಲಿ ನಾವು ರಷ್ಯಾದಿಂದ 6,000 ಕೋಟಿ ಡಾಲರಿಗೂ ಜಾಸ್ತಿ ಮಾಲು ತಂದೆವು, ಬಹುಪಾಲು ಎಣ್ಣೆ. ನಾವು ಕಳಿಸಿದ್ದು ಸುಮಾರು 400 ಕೋಟಿಯದು. ರೂಪಾಯಿ ರಾಶಿ ಬಿದ್ದಿದೆ, ಬಳಸೋಕೆ ಆಗ್ತಿಲ್ಲ ಅಂತ ಅವರ ವಿದೇಶಾಂಗ ಮಂತ್ರಿ ಲಾವ್ರೋವ್ ಮೇ 2023ರಲ್ಲಿ ಗೋವಾದಲ್ಲೇ ಹೇಳಿ ಹೋದರು. ಅಷ್ಟು ದುಡ್ಡಿಗೆ ಕುಡಿಸುವಷ್ಟು ಕಾಫಿ ನಮ್ಮಲ್ಲೆಲ್ಲಿದೆ?

ಆ ಎಣ್ಣೆಯ ನೆಪಕ್ಕೇ ಆಗಸ್ಟ್ 2025ರಲ್ಲಿ ಅಮೆರಿಕ ನಮ್ಮ ದೇಶದ ಮಾಲಿಗೆ ಇನ್ನೂ ಶೇ. 25 ಸುಂಕ ಸೇರಿಸಿ ಒಟ್ಟು 50 ಮಾಡಿತು. ನನ್ನ ನೋಟ್‌ಬುಕ್‌ನಲ್ಲಿ ಅದರ ಸುಳಿವೇ ಇಲ್ಲ, ನಾವು ಅಲ್ಲಿಗೆ ಕಳಿಸುವುದೇ ಕಮ್ಮಿ. ಪೆಟ್ಟು ಬಿದ್ದದ್ದು ತಿರುಪ್ಪೂರಿನ ಬನಿಯನ್ನಿಗೆ, ಆಂಧ್ರದ ಸೀಗಡಿಗೆ. ಆ ಪುಟ ನೋಡಬೇಕು ಅಂದರೆ ಅಲ್ಲಿನ ಗುಮಾಸ್ತರು ಯಾರಾದರೂ ಬರೆದಿಟ್ಟಿರಬೇಕು.