ವೈನ್ ಕಿಟ್‌ಗೆ ಒಣದ್ರಾಕ್ಷಿ ಸೇರಿಸುವ ಕ್ರಮ

ಕಿಟ್ಟಿನಲ್ಲಿ ಸಿದ್ಧವಾಗಿ ಬರುವ ದ್ರಾಕ್ಷಿಯ ಸಾಂದ್ರ ರಸದಿಂದ ಮನೆಯಲ್ಲಿ ತಯಾರಿಸುವ 23 ಲೀಟರಿನ ವೈನಿನಲ್ಲಿ ಎದ್ದು ಕಾಣುವ ಕೊರತೆ ಸಿಹಿಯದಲ್ಲ, ಸಿಪ್ಪೆಯದು. ಕೆಂಪು ವೈನಿನ ಒಗರು ಬರುವುದು ಸಿಪ್ಪೆ ಮತ್ತು ಬೀಜಗಳಿಂದ. ಒಣದ್ರಾಕ್ಷಿಯನ್ನು ಸೇರಿಸುವುದು ಮುಖ್ಯವಾಗಿ ಅದಕ್ಕಾಗಿಯೇ.

ಗೋವಾದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಿಗೆ ಊರಿನಿಂದ ವಿಜಯಪುರದ ಹಸಿರು ಒಣದ್ರಾಕ್ಷಿ ಸುಲಭವಾಗಿ ಬರುತ್ತದೆಯಾದರೂ, ಅದರ ಸಿಪ್ಪೆ ತೆಳುವಾದ್ದರಿಂದ ಬಿಳಿ ವೈನಿಗೆ ಮಾತ್ರ ಬಳಸುವುದು ಲೇಸು. ಕೆಂಪಿಗೆ ಬೀಜವಿರುವ ಕಪ್ಪು ಒಣದ್ರಾಕ್ಷಿ ಬೇಕು. ವೈನ್ ತಳಿಯದೇ ಸಿಕ್ಕರೆ ಇನ್ನೂ ಉತ್ತಮ. ಗಂಧಕದ ಹೊಗೆ ಕೊಟ್ಟ ಹೊಂಬಣ್ಣದ ದ್ರಾಕ್ಷಿಯನ್ನು ದೂರವಿಡಬೇಕು, ಏಕೆಂದರೆ ಅದರಲ್ಲಿ ಉಳಿದಿರುವ ಸಲ್ಫೈಟ್ (ಕೆಡದಂತೆ ಕಾಯುವ ಗಂಧಕದ ಸಂಯುಕ್ತ) ಯೀಸ್ಟನ್ನು ತಡೆಯಬಲ್ಲದು.

ಬೇಗ ಒಣಗಲೆಂದು ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ (ಅದ್ದಲೆಂದೇ ಬಳಸುವ ಎಣ್ಣೆ) ಬೆರೆಸಿದ ನೀರಿನಲ್ಲಿ ಅದ್ದುವ ರೂಢಿಯಿರುವುದರಿಂದ, ಬಿಸಿನೀರಿನಲ್ಲಿ ಎರಡು ಮೂರು ಬಾರಿ ತೊಳೆಯುವುದನ್ನು ತಪ್ಪಿಸಬಾರದು. ಬಳಿಕ ಒರಟಾಗಿ ಹೆಚ್ಚಿ, ಕುದಿಸಿ ಆರಿಸಿದ ಮಸ್ಲಿನ್ (ತೆಳು ಹತ್ತಿ ಬಟ್ಟೆ) ಚೀಲದಲ್ಲಿ ಸಡಿಲವಾಗಿ ಕಟ್ಟಬೇಕು. ಮಿಕ್ಸಿಯಲ್ಲಿ ರುಬ್ಬಿದರೆ ಬೀಜ ಒಡೆದು ಕಹಿ ಬಿಡುತ್ತದೆ.

ಮೊದಲ ಸಲಕ್ಕೆ 500 ಗ್ರಾಂ ಸಾಕು. ಒಣದ್ರಾಕ್ಷಿಯ ತೂಕದಲ್ಲಿ ಸುಮಾರು ಮೂರನೆಯ ಎರಡು ಭಾಗ ಸಕ್ಕರೆಯೇ ಇರುವುದರಿಂದ ಇಷ್ಟಕ್ಕೇ ಲೀಟರಿಗೆ ಸುಮಾರು 14 ಗ್ರಾಂ ಸಕ್ಕರೆ ಸೇರಿ, ಮದ್ಯಾಂಶ ಶೇ. 0.8ರಷ್ಟು ಏರುತ್ತದೆ. ಈ ಸಕ್ಕರೆ ನಿಧಾನವಾಗಿ ಕರಗುವುದರಿಂದ ಮೊದಲ ದಿನದ ಹೈಡ್ರೋಮೀಟರ್ (ರಸದ ಸಾಂದ್ರತೆ ಅಳೆಯುವ ಸಾಧನ) ಅಳತೆಯಲ್ಲಿ ಕಾಣಿಸದು. ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಬೇಕು.

ಯೀಸ್ಟ್ ಹಾಕುವ ದಿನವೇ ಚೀಲವನ್ನು ಬಕೆಟ್ಟಿಗೆ ಇಳಿಸಿ. ನೊರೆ ಉಕ್ಕುವುದರಿಂದ 30 ಲೀಟರಿನ ಬಕೆಟ್ ಬೇಕು. ಅನಿಲ ತುಂಬಿ ಚೀಲ ಮೇಲೆ ತೇಲುತ್ತದೆ. ಒಣಗಿದ ಭಾಗಕ್ಕೆ ಬೂಷ್ಟು ಹಿಡಿಯದಂತೆ ದಿನಕ್ಕೆರಡು ಸಲ ಶುಚಿಗೊಳಿಸಿದ ಸೌಟಿನಿಂದ ಅದುಮಬೇಕು. ಮಡಗಾಂವ್, ವಾಸ್ಕೋಗಳಂಥ ಕಡೆ ಸೆಕೆಗೆ ಹುದುಗುವಿಕೆ ಬಿರುಸಾಗುವುದರಿಂದ, ಬಕೆಟ್ಟನ್ನು ನೀರಿನ ತೊಟ್ಟಿಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿ, 25 ಡಿಗ್ರಿಯ ಆಸುಪಾಸಿನಲ್ಲಿ ಉಳಿಸಲು ಯತ್ನಿಸಬೇಕು. ಐದರಿಂದ ಏಳು ದಿನಗಳಲ್ಲಿ ಚೀಲವನ್ನು ಎತ್ತಿ, ಹಿಂಡದೆ, ತಾನಾಗಿ ಸೋರಲು ಬಿಡಬೇಕು.

ಒಣದ್ರಾಕ್ಷಿಯ ಸಕ್ಕರೆಯೂ ಹುದುಗಬೇಕಾದ್ದರಿಂದ ಕಿಟ್ಟಿನ ಕೈಪಿಡಿಯಲ್ಲಿರುವ ದಿನಗಳ ಲೆಕ್ಕ ಇನ್ನು ಮುಂದೆ ಪೂರ್ತಿ ಅನ್ವಯಿಸದು. ಮೂರು ದಿನ ಸತತವಾಗಿ ಹೈಡ್ರೋಮೀಟರ್ 0.998 ಅಥವಾ ಅದಕ್ಕಿಂತ ಕಡಿಮೆಯ ಒಂದೇ ಅಳತೆಯನ್ನು ತೋರಿದ ನಂತರವೇ, ವೈನ್ ಮತ್ತೆ ಹುದುಗದಂತೆ ತಡೆಯುವ ಸಲ್ಫೈಟ್ ಮತ್ತು ಸಾರ್ಬೇಟ್ ಪುಡಿಗಳನ್ನು ಹಾಕಬೇಕು.