ಹಳೆಯ ಗಾರೆ ಗೋಡೆಗೆ ಸುಣ್ಣದ್ದೇ ದುರಸ್ತಿ

ಬಸವನಗುಡಿ, ಮಲ್ಲೇಶ್ವರಗಳಲ್ಲಿ 1898ರ ಪ್ಲೇಗಿನ ನಂತರದ ದಶಕಗಳಲ್ಲಿ ಎದ್ದ ಮನೆಗಳ ಪೈಕಿ ಇನ್ನೂ ಉಳಿದಿರುವ ಕೆಲವಕ್ಕೆ ಸುಣ್ಣದ ಗಾರೆಯ ಗೋಡೆಗಳಿವೆ. ಅವು ಉದುರತೊಡಗಿದ ಕೂಡಲೇ ಸಿಮೆಂಟು ಮೆತ್ತಿಸುವುದು ಈಗಿನ ರೂಢಿ. ನಮ್ಮ ಮನೆಯ ಪಡಸಾಲೆಗೂ ಹಾಗೆಯೇ ಮಾಡಿಸಿದ್ದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ತೇಪೆ ಹಪ್ಪಳದಂತೆ ಎದ್ದು ಬಿತ್ತು. ಎತ್ತಿ ನೋಡಿದರೆ ಅದರ ಬೆನ್ನಿಗೆ ಇಟ್ಟಿಗೆಯ ಕೆಂಪು ಮುಖವೂ ಅಂಟಿಕೊಂಡು ಬಂದಿತ್ತು. ಸುಣ್ಣದ ಗಾರೆಯು ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಗಟ್ಟಿ ಸಿಮೆಂಟು ಅದನ್ನು ತಡೆಯುವುದರಿಂದ ನೀರಿನಲ್ಲಿ ಕರಗಿದ ಲವಣಗಳು ಹಿಂದೆಯೇ ಹರಳುಗಟ್ಟಿ ಮೆತು ಇಟ್ಟಿಗೆಯನ್ನು ಸಿಡಿಸುತ್ತವೆ.

ಆದ್ದರಿಂದ ಕರಣೆ ಹಿಡಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆಯೆಂದು ಹುಡುಕಬೇಕು. ಒಡೆದ ಹೆಂಚು, ಕಟ್ಟಿಕೊಂಡ ತಾರಸಿಯ ಮಳೆನೀರಿನ ದೋಣಿ, ಗೋಡೆಯ ಬುಡಕ್ಕೆ ಒತ್ತಿ ಹಾಕಿದ ಕಾಂಕ್ರೀಟು ಅಂಗಳ, ಇವುಗಳನ್ನು ಸರಿಪಡಿಸದೆ ಮಾಡಿದ ಗಾರೆ ಕೆಲಸ ನಿಲ್ಲುವುದಿಲ್ಲ. ಬಳಿಕ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಕೇಳುವ ಕಡೆಯಷ್ಟೇ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಗಟ್ಟಿಯಾಗಿ ಕೂತಿರುವ ಹಳೆಯ ಗಾರೆಯನ್ನು ಅಂದಕ್ಕಾಗಿ ಕೆತ್ತಿಸುವುದು ನನ್ನ ಮಟ್ಟಿಗೆ ತಪ್ಪು. ಸಡಿಲವಾದದ್ದನ್ನು ತೆಗೆದು, ಸಂದುಗಳ ಪುಡಿಯನ್ನು ಬ್ರಷ್ಷಿನಿಂದ ಕೆರೆದು, ಹಿಂದಿನ ದಿನವೇ ಗೋಡೆಯನ್ನು ಚೆನ್ನಾಗಿ ನೆನೆಸಿಡಬೇಕು. ಒಣಗಿದ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ.

ಸುಣ್ಣದ ವಿಚಾರದಲ್ಲಿ ಅವಸರ ಬೇಡ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಕಲ್ಲಿನ ಮೇಲೆ ನೀರು ಸುರಿಯಬಾರದು. ಅದು ಕುದಿದು ಸಿಡಿಯುವುದರಿಂದ ಕಬ್ಬಿಣದ ಡ್ರಮ್ಮು, ಕನ್ನಡಕ, ಕೈಗವಸು ಕಡ್ಡಾಯ. ಅರಳಿದ ಸುಣ್ಣವನ್ನು ಜರಡಿ ಹಿಡಿದು, ಮೇಲೆ ನೀರು ನಿಲ್ಲುವಂತೆ ಕೆಲವು ವಾರವಾದರೂ ಇಟ್ಟರೆ ಎಲೆಯಡಿಕೆಯ ಸುಣ್ಣದ ಹಾಗೆ ನುಣುಪಾಗುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು ಸಾಮಾನ್ಯ ಅಳತೆ. ತೇವ ಹೆಚ್ಚಿರುವ ಕಡೆ ಮರಳಿನ ಒಂದು ಪಾಲಿನ ಬದಲು ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ, ಸೇರಿಸಬಹುದು. ಹಿಂದಿನವರು ಗಾಣದಲ್ಲಿ ಅರೆಯುವಾಗ ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರನ್ನೂ ಹಾಕುತ್ತಿದ್ದರು. ಕರಣೆಯನ್ನು ಮಗುಚಿ ಹಿಡಿದರೂ ಗಾರೆ ಬೀಳದಿದ್ದರೆ ಹದ ಬಂದಿದೆ ಎಂದು ತಿಳಿಯಿರಿ.

ಒಂದು ಸಲಕ್ಕೆ ಸುಮಾರು 10 ಮಿಲಿಮೀಟರಿಗಿಂತ ದಪ್ಪ ಬಳಿಯಬೇಡಿ. ಮೊದಲ ಪದರದ ಮೇಲೆ ಗೀರು ಹಾಕಿ, ಅದು ಬಿಗಿದ ಮೇಲೆ ಮುಂದಿನದನ್ನು ಹಾಕಿ. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ತುಸು ತೇವವೂ ಬೇಕಾದ್ದರಿಂದ ಒದ್ದೆ ಗೋಣಿತಾಟು ಇಳಿಬಿಟ್ಟು ಬಿಸಿಲಿನಿಂದ ಕಾಪಾಡಬೇಕು. ಬೆಂಗಳೂರಿನಲ್ಲಿ ಜೋರು ಮಳೆ ಮುಗಿದ ನವೆಂಬರಿನ ನಂತರ, ಬೇಸಿಗೆಗೆ ಮುಂಚೆ ಈ ಕೆಲಸ ಹಿಡಿಯುವುದು ಲೇಸು. ಕೊನೆಗೆ ಬಣ್ಣವೆಂದು ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಪಟ್ಟ ಪಾಡೆಲ್ಲ ವ್ಯರ್ಥ. ತೆಳು ಸುಣ್ಣವನ್ನೇ ಮೂರು ನಾಲ್ಕು ಸಲ ಬಳಿಯಿರಿ.

ಒಳಗಿನ ಚಾವಣಿಯಂಚಿನ ಹೂಬಳ್ಳಿಯಲ್ಲಿ ಒಂದು ತುಂಡು ಕಳೆದುಹೋಗಿದ್ದರೆ, ಪಕ್ಕದಲ್ಲಿ ಉಳಿದಿರುವ ಹೂವಿನ ಮೇಲೆ ಟಾಲ್ಕಂ ಪುಡಿ ಉದುರಿಸಿ ಮೆತ್ತನೆಯ ಜೇಡಿಮಣ್ಣನ್ನು ಒತ್ತಿ ಅಚ್ಚು ತೆಗೆಯಬಹುದು. ಅದರೊಳಗೆ ಸುರಿಯಲು ಪ್ಲಾಸ್ಟರ್ ಆಫ್ ಪ್ಯಾರಿಸನ್ನು ನೀರಿಗೆ ಉದುರಿಸಿ, ಗುಳ್ಳೆ ಏಳದಂತೆ ಮೆಲ್ಲನೆ ಕಲಸಿ. ನಿಮಿಷಗಳಲ್ಲೇ ಬಿಸಿಯಾಗಿ ಬಿಗಿಯುವ ಇದನ್ನು ಒಮ್ಮೆಗೆ ಬೇಕಾದಷ್ಟೇ ಕಲಸಿಕೊಳ್ಳಿ. ಆದರೆ ಬಿಗಿದ ಮೇಲೆ ಇದು ಜಿಪ್ಸಂ ಆಗುತ್ತದೆ; ಜಿಪ್ಸಂ ನೀರಿನಲ್ಲಿ ಅಲ್ಪಸ್ವಲ್ಪ ಕರಗುವುದರಿಂದ ಇದು ಒಣಗಿದ ಒಳಗೋಡೆಗೆ ಮಾತ್ರ ತಕ್ಕದ್ದು. ಮಳೆ ತಾಗುವ ಕಿಟಕಿ ಮೇಲಿನ ಕಮಾನಿನ ಅಲಂಕಾರವನ್ನು ಗೋಪುರದ ಗಾರೆ ಗೊಂಬೆಗಳ ಕೆಲಸ ಬಲ್ಲವರಿಂದ, ನುಣ್ಣನೆಯ ಸುಣ್ಣದ ಗಾರೆಯಲ್ಲೇ ಕೈಯಿಂದ ತಿದ್ದಿಸಬೇಕು.